ಬಡಗು ಬಾಗಿಲಿನ ಹೆಸರುಹಲಗೆ

ನನಗೊಂದು ಚಾಳಿ ಉಂಟು. ಉದ್ಘಾಟನೆಯ ಕಲ್ಲು ಎಲ್ಲಿ ಕಂಡರೂ ಸರಿ, ನಿಂತು ಮೇಲಿನಿಂದ ಕೆಳಗಿನವರೆಗೆ ಓದಬೇಕು. ಮೊನ್ನೆ ನಮ್ಮೂರ ಬಸ್ ನಿಲ್ದಾಣಕ್ಕೆ ಹೊಸ ತಗಡಿನ ಮಾಡು ಹಾಕಿದರು. ನಾಲ್ಕು ಜನ ಒತ್ತೊತ್ತಾಗಿ ನಿಂತರೆ ಐದನೆಯವನ ಬೆನ್ನು ಬಿಸಿಲಿಗೆ. ಪಕ್ಕದಲ್ಲಿ ನಿಲ್ಲಿಸಿದ ಗ್ರಾನೈಟ್ ಕಲ್ಲು ಮಾತ್ರ ಆಳೆತ್ತರ. ಮಂತ್ರಿಗಳು, ಶಾಸಕರು, ಅಧ್ಯಕ್ಷರು, ಉಪಾಧ್ಯಕ್ಷರು, 'ಘನ ಉಪಸ್ಥಿತಿ' ಎಂದು ಬರೆಸಿಕೊಂಡು ಬಾರದೇ ಉಳಿದವರು, ಕಂತ್ರಾಟುದಾರರು. ತಗಡು ಬಡಿದವನ ಹೆಸರು ಎಲ್ಲಾದರೂ ಉಂಟಾ ಅಂತ ಕಲ್ಲಿನ ಹಿಂದೆ ಹೋಗಿಯೂ ನೋಡಿದೆ. ಹಿಂದೆ ಯಾರೋ ಎಲೆಯಡಿಕೆ ಉಗಿದಿದ್ದರು.

"ನಿಮಗೆ ಬೇರೆ ಕೆಲಸ ಇಲ್ಲವಾ? ಬಸ್ಸು ಹೋಯಿತು," ಅಂತ ಹೆಂಡತಿ ಸಫಿಯಾ ಗದರಿದಳು. ಅವಳು ಹೇಳುವುದು ಸರಿಯೇ. ಕಲ್ಲು ಓದಿ ಓದಿ ನಾನು ತಪ್ಪಿಸಿಕೊಂಡ ಬಸ್ಸುಗಳಿಗೆ ಲೆಕ್ಕ ಇಲ್ಲ.

ಈ ಹೆಸರಿನ ಹುಚ್ಚು ಎಲ್ಲಿಂದ ಬಂತು ಅಂತ ಯೋಚಿಸಿದರೆ ಮೊದಲು ನಮ್ಮ ಮಸೀದಿಯ ಫ್ಯಾನುಗಳು ನೆನಪಾಗುತ್ತವೆ. ನಾನು ಸಣ್ಣವನಿರುವಾಗ ಊರಿನ ಒಬ್ಬರು ಬೊಂಬಾಯಿಯಿಂದ ಬಂದು ಎರಡು ಫ್ಯಾನು ಕೊಟ್ಟರು. ಕೊಟ್ಟವರು ತಮ್ಮ ಹೆಸರನ್ನು ಫ್ಯಾನಿನ ರೆಕ್ಕೆಯ ಮೇಲೇ ಕೆಂಪು ಪೇಂಟಿನಲ್ಲಿ ಬರೆಸಿದ್ದರು. ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲವಲ್ಲ! ಹಾಗಾಗಿ ಅವರು ನಮಾಜಿಗೆ ಬಂದ ದಿನ ಮಸೀದಿ ನೋಡಿಕೊಳ್ಳುವ ಮುಕ್ರಿಕ್ಕ ಓಡಿಹೋಗಿ ಫ್ಯಾನು ನಿಲ್ಲಿಸುತ್ತಿದ್ದರು. ಅವರು ತಲೆಯೆತ್ತಿ ಹೆಸರು ನೋಡಿಕೊಳ್ಳುತ್ತಿದ್ದರು, ನಾವೆಲ್ಲ ಬೆವರುತ್ತಿದ್ದೆವು. ಎರಡನೆಯದು ಶಾಲೆಯ ಬೆಂಚು. ಐದನೇ ಕ್ಲಾಸಿನಲ್ಲಿ ನಾನು ಕೈವಾರದ ಮೊನೆಯಿಂದ ಬೆಂಚಿನ ಮೇಲೆ 'ಹಮೀದ್' ಅಂತ ಕೆತ್ತಿದೆ. ಒಂದು ವಾರದ ಶ್ರಮ. ಮಾಷ್ಟ್ರು ಕಿವಿ ಹಿಂಡಿ, "ಈ ಬೆಂಚು ಮಾಡಿದ ಆಚಾರಿ ತನ್ನ ಹೆಸರು ಬರೆಯಲಿಲ್ಲ. ನಿನ್ನದೆಂತ ಮಾರಾಯ ದೊಡ್ಡಸ್ತಿಕೆ?" ಅಂದರು. ಬೆತ್ತದಲ್ಲಿ ನಾಲ್ಕು ಬಿಟ್ಟರು. ಬುದ್ಧಿ ಬರಬೇಕಿತ್ತು. ಬರಲಿಲ್ಲ.

ಬರಲಿಲ್ಲ ಅಂತ ಗೊತ್ತಾದದ್ದು ಸೌದಿಯಲ್ಲಿ. ಕುವೈತಿನ ಯುದ್ಧ ಮುಗಿದು ಎರಡು ಮೂರು ವರ್ಷ ಆಗಿತ್ತು. ನಾನು ಅಲ್ ಖರ್ಜಿನ ಹೊರಗೆ ಒಂದು ಕೊರಿಯನ್ ಕಂಪೆನಿಯ ಕ್ಯಾಂಪಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ಕಂಪೆನಿ ಅಲ್ಲಿ ದೊಡ್ಡದೊಂದು ಹಾಲಿನ ಕಾರ್ಖಾನೆ ಕಟ್ಟುತ್ತಿತ್ತು. ಸುತ್ತ ಮರಳು, ನಡುವೆ ಹಸಿರು ಹುಲ್ಲಿನ ವೃತ್ತಗಳು, ಏರ್ ಕೂಲರಿನ ಕೆಳಗೆ ನಿಂತು ಮೆಲುಕು ಹಾಕುವ ಸಾವಿರಾರು ದನಗಳು. ನಮ್ಮ ಬ್ಯಾಚುಲರ್ ರೂಮಿನ ಎ.ಸಿ. ಕೆಟ್ಟಾಗಲೆಲ್ಲ ನಾವು ದನಗಳ ಭಾಗ್ಯವನ್ನು ಹೊಗಳುತ್ತಿದ್ದೆವು. ನನ್ನ ಕೆಲಸ ಇಂಜಿನಿಯರುಗಳು ಗೀಚಿ ಕೊಟ್ಟದ್ದನ್ನು ಟ್ರೇಸಿಂಗ್ ಕಾಗದದ ಮೇಲೆ ಚಂದ ಮಾಡಿ ಬರೆಯುವುದು. ನನ್ನ ಇಂಗ್ಲಿಷ್ ಅಕ್ಷರ ಅಂದರೆ ಇಡೀ ಕ್ಯಾಂಪಿಗೆ ಗೊತ್ತು. ಪ್ರತಿ ಅಕ್ಷರದ ಬುಡಕ್ಕೆ ಸಣ್ಣದೊಂದು ಗೀಟು ಎಳೆಯುತ್ತಿದ್ದೆ, ಕಾಲಿಗೆ ಚಪ್ಪಲಿ ಹಾಕಿದ ಹಾಗೆ. ಯಾರೂ ಕಲಿಸಿದ್ದಲ್ಲ, ನನ್ನದೇ ಗತ್ತು.

ನನ್ನ ಮೇಲಿನವರು ಯೂನ್ ಅಂತ, ಐವತ್ತರ ಆಸುಪಾಸಿನ ಸೀನಿಯರ್ ಇಂಜಿನಿಯರ್. ಬಡಕಲು ಮನುಷ್ಯ, ಮಾತು ಕಡಿಮೆ. ಇಂಗ್ಲಿಷ್, ಅರಬಿ, ಉರ್ದು ಮೂರನ್ನೂ ಕಲಸಿ ಒಂದು ವಾಕ್ಯ ಮಾಡುತ್ತಿದ್ದರು. ಸಂಜೆ ಕೆಲಸ ಬಿಟ್ಟ ಮೇಲೆ ನನ್ನನ್ನು ತಮ್ಮ ಕೋಣೆಗೆ ಕರೆದು ಹುರಿದ ಬಾರ್ಲಿಯ ಚಹಾ ಕೊಡುತ್ತಿದ್ದರು. ಚಹಾ ಅಂದರೆ ಹಾಲಿಲ್ಲ, ಸಕ್ಕರೆಯಿಲ್ಲ, ತಳ ಹಿಡಿದ ಗಂಜಿಯ ತಿಳಿಯ ಹಾಗೆ. ಸಾಹೇಬರು ಕರೆಯುತ್ತಾರಲ್ಲ ಎಂಬ ಹೆಮ್ಮೆಯಿಂದ ಕುಡಿಯುತ್ತಿದ್ದೆ.

ಒಂದು ಸಂಜೆ ಅವರು ಕಪಾಟಿನಿಂದ ಒಂದು ಕಟ್ಟು ಝೆರಾಕ್ಸ್ ತೆಗೆದು ಮೇಜಿನ ಮೇಲೆ ಹರಡಿದರು. ಹಳೆಯ ಪುಸ್ತಕದ ಪುಟಗಳು. ಒಂದೊಂದರಲ್ಲೂ ಕಲ್ಲು, ಕಂಬ, ತೊಲೆ, ಹೆಂಚು ಬಿಡಿ ಬಿಡಿಯಾಗಿ ಬರೆದ ಚಿತ್ರ. ಅವರ ಊರು ಸುವೊನ್. ಆ ಊರಿಗೆ ಸುತ್ತ ಕೋಟೆ, ಕೋಟೆಗೆ ನಾಲ್ಕು ದೊಡ್ಡ ಬಾಗಿಲು. ಬಡಗಿನದ್ದು ಜಾಂಗಾನ್‌ಮುನ್. ಅರಸ ರಾಜಧಾನಿಯಿಂದ ಬಂದರೆ ಆ ಬಾಗಿಲಿನಿಂದಲೇ ಊರೊಳಗೆ ಬರುವುದು. ಕಟ್ಟಿ ಇನ್ನೂರು ವರ್ಷ ಆಗುತ್ತಾ ಬಂತು ಅಂದರು.

ಬಾಗಿಲು ಅಂದರೆ ನಮ್ಮ ಹಾಗೆ ಎರಡು ಹಲಗೆ, ಒಂದು ಚಿಲಕ ಅಲ್ಲ ಮಾರಾಯ್ರೆ. ಕೆಳಗೆ ಕಲ್ಲಿನ ಭಾರೀ ಕಟ್ಟೆ, ಅದರ ಹೊಟ್ಟೆಯಲ್ಲಿ ಕಮಾನಿನ ದಾರಿ. ಕಟ್ಟೆಯ ಮೇಲೆ ಎರಡು ಅಂತಸ್ತಿನ ಮರದ ಮನೆ. ಬಾಗಿಲಿನ ಮುಂದೆ ಅರ್ಧಚಂದ್ರದ ಹಾಗೆ ಇನ್ನೊಂದು ಇಟ್ಟಿಗೆಯ ಗೋಡೆ. ಅದಕ್ಕೆ ಅವರ ಭಾಷೆಯಲ್ಲಿ ಹಂಡೆಗೋಡೆ ಅನ್ನುವ ಅರ್ಥದ ಹೆಸರಂತೆ. ಶತ್ರು ಹೊರಗಿನದ್ದನ್ನು ಒಡೆದು ಒಳಗೆ ಬಂದನೋ, ಹಂಡೆಯೊಳಗೆ ಬಿದ್ದ ಹಾಗೆ, ಸುತ್ತಲಿಂದ ಹೊಡೆತ. ಬೆಂಕಿ ಹಚ್ಚಿದರೆ ನೀರು ಸುರಿಯಲು ಮೇಲೆ ಐದು ತೂತು. ಮಾಡಿನ ಮೂಲೆಗಳು ಮೇಲಕ್ಕೆ ಎದ್ದಿವೆ, ಏಣಿನ ಮೇಲೆ ಸಾಲಾಗಿ ಕೂತ ಮಣ್ಣಿನ ಗೊಂಬೆಗಳು, ಕಮಾನಿನ ಒಳಮೈಯಲ್ಲಿ ಬಣ್ಣದ ಡ್ರ್ಯಾಗನ್. ಮಾಡಿನ ಭಾರವನ್ನೆಲ್ಲ ಹೊರುವುದು ಕಂಬದ ತಲೆಯ ಮೇಲೆ ಒಂದರ ಮೇಲೊಂದು ಕೂರಿಸಿದ ಮರದ ತೋಳುಗಳು. ಮೊಳೆಯ ಹಂಗಿಲ್ಲ, ಮರವೇ ಮರವನ್ನು ಕಚ್ಚಿ ಹಿಡಿಯುವುದು.

"ನನಗೆ ಏಳು ವರ್ಷ ಇರುವಾಗ ಯುದ್ಧ," ಅಂದರು ಯೂನ್. "ಮೇಲಿನ ಮರದ ಮನೆ ಹೋಯಿತು. ಕಲ್ಲು ಮಾತ್ರ ಉಳಿಯಿತು. ಆ ಬೋಳು ಬಾಗಿಲಿನ ಕೆಳಗೇ ನಾನು ಶಾಲೆಗೆ ಹೋಗಿದ್ದು. ಇಪ್ಪತ್ತೈದು ವರ್ಷ ಕಳೆದು ಮತ್ತೆ ಕಟ್ಟಿದರು. ಈ ಪುಸ್ತಕ ಇತ್ತಲ್ಲ, ನೋಡಿ ನೋಡಿ ಇದ್ದ ಹಾಗೇ ಕಟ್ಟಿದರು."

"ಕಟ್ಟುವಾಗ ನೀವು ಹೋಗಿ ನೋಡುತ್ತಿದ್ದಿರಾ ಸಾರ್?"

"ಇಲ್ಲ. ಆಗ ನಾನು ಇಲ್ಲಿ, ಜುಬೈಲಿನಲ್ಲಿ ಕಾಂಕ್ರೀಟು ಹಾಕುತ್ತಿದ್ದೆ."

ಕಾರ್ಖಾನೆಯ ಮೊದಲ ಭಾಗ ಮುಗಿಯುವಾಗ ಮಾಲೀಕರಿಗೆ ಕಂಪೆನಿಯಿಂದ ಒಂದು ಕಾಣಿಕೆ ಕೊಡಬೇಕಿತ್ತು. ಈ ಬಾಗಿಲಿನ ಮರದ ಮಾದರಿ ಕೊಡೋಣ ಅಂತ ಯೂನ್ ಒಪ್ಪಿಸಿದ್ದರು. ಅಳತೆ ಹಾಕಿ ಬರೆದು ಕೊಡುವುದು ನನ್ನ ಕೆಲಸ. ಮಾಡುವವರು ಯಾರು? ನಾನು ಒಂದು ಕ್ಷಣವೂ ಯೋಚಿಸದೆ ವಾಸುದೇವ ಆಚಾರ್ರ ಹೆಸರು ಹೇಳಿದೆ.

ಆಚಾರ್ರು ನಮ್ಮ ಮೂಡುಬಿದಿರೆ ಕಡೆಯವರು. ಊರಲ್ಲಿ ದೈವದ ಗುಡಿಯ ಮಾಡು, ತೊಟ್ಟಿಲು, ಅಕ್ಕಿ ತುಂಬುವ ಪತ್ತಾಯ, ಏನು ಹೇಳಿ, ಎಲ್ಲ ಮಾಡುತ್ತಿದ್ದ ಕೈ. ಸೌದಿಗೆ ಬಂದು ಏಳು ವರ್ಷ. ಅವರ ಇಕಾಮಾದಲ್ಲಿ, ಅಂದರೆ ಅಲ್ಲಿ ಇರಲು ಸರಕಾರ ಕೊಡುವ ಪುಸ್ತಕದಲ್ಲಿ, ಉದ್ಯೋಗ 'ತೋಟದ ಕೆಲಸ' ಅಂತ ಇತ್ತು. ಏಜೆಂಟನ ಹತ್ತಿರ ಆಗ ಇದ್ದ ವೀಸಾ ಅದೊಂದೇ. ಅವರ ಕಫೀಲನಿಗೆ, ಅಂದರೆ ವೀಸಾ ಕೊಟ್ಟ ಧಣಿಗೆ, ಅಲ್ ಖರ್ಜಿನಲ್ಲಿ ಖರ್ಜೂರದ ತೋಟ. ಅವನು ಆಚಾರ್ರನ್ನು ಹೊರಗೆ ಕೆಲಸಕ್ಕೆ ಬಿಟ್ಟಿದ್ದ. ಹಾಗೆ ಹೊರಗೆ ದುಡಿಯುವುದು ಕಾನೂನಿಗೆ ತಪ್ಪು, ಆದರೆ ಅರ್ಧ ಕ್ಯಾಂಪು ನಡೆಯುತ್ತಿದ್ದದ್ದೇ ಅಂಥವರಿಂದ. ನಾವು ಅವರನ್ನು 'ಸಪ್ಲೈನವರು' ಅನ್ನುತ್ತಿದ್ದೆವು. ಕಂಪೆನಿಯ ರೋಲಿನಲ್ಲಿ ಅವರ ಹೆಸರಿಲ್ಲ, ಕುತ್ತಿಗೆಗೆ ಒಂದು ಗೇಟ್ ಪಾಸು ಮಾತ್ರ.

ಆಚಾರ್ರಿಗೆ ಅಲ್ಲಿ ಇದ್ದದ್ದು ಕಾಂಕ್ರೀಟಿಗೆ ಪ್ಲೈವುಡ್ ಬಡಿಯುವ ಕೆಲಸ. "ನೋಡಿ ಹಮೀದ್, ಇಲ್ಲಿ ಆಚಾರಿ ಅಂದರೆ ಮೊಳೆ ಹೊಡೆಯುವವ," ಅನ್ನುತ್ತಿದ್ದರು. "ನಾನು ಬಡಿಯುವುದು, ಇವರು ಕಾಂಕ್ರೀಟು ಸುರಿಯುವುದು, ಒಣಗಿದ ಮೇಲೆ ಕಿತ್ತು ಬಿಸಾಡುವುದು. ಏಳು ವರ್ಷದಲ್ಲಿ ನಾನು ಮಾಡಿದ್ದು ಒಂದಾದರೂ ಉಳಿದಿದ್ದರೆ ತೋರಿಸಿ."

ಚಿತ್ರ ತೋರಿಸಿದ್ದೇ ತಡ, ಅವರು ಕುಕ್ಕರಗಾಲಲ್ಲಿ ಕೂತುಬಿಟ್ಟರು. "ಅಯ್ಯಯ್ಯೋ, ಇದು ನಮ್ಮ ಸಾವಿರ ಕಂಬದ ಬಸದಿಯ ಮಾಡಲ್ಲವಾ ಮಾರಾಯ್ರೆ! ಇವರು ಎಲ್ಲಿಂದ ನೋಡಿದ್ದು?" ಆಮೇಲೆ ಕಂಬದ ತಲೆಯ ತೋಳುಗಳ ಮೇಲೆ ಬೆರಳಿಟ್ಟು, "ಬೋದಿಗೆ. ಬೋದಿಗೆಯ ಮೇಲೆ ಬೋದಿಗೆ. ಇದು ಮಾಡಿದವ ಸಾಮಾನ್ಯದ ಆಸಾಮಿ ಅಲ್ಲ," ಅಂದರು. ಅದುವರೆಗೆ ಆ ಮುಖದಲ್ಲಿ ಅಂಥ ಬೆಳಕು ನಾನು ಕಂಡಿರಲಿಲ್ಲ.

ಕೆಲಸ ಶುರುವಾಯಿತು. ಸಂಜೆ ನಾಲ್ಕರ ನಂತರ ಮತ್ತು ಶುಕ್ರವಾರ. ಡ್ರಾಯಿಂಗ್ ಆಫೀಸಿನ ಹಿಂದೆ ಒಂದು ಖಾಲಿ ಕಂಟೇನರು ಸಿಕ್ಕಿತು. ಮರ ಯಂತ್ರಗಳು ಬಂದ ಪ್ಯಾಕಿಂಗ್ ಪೆಟ್ಟಿಗೆಯದ್ದು. "ಇದು ಮರವಾ? ರಸ್ಕು!" ಅಂತ ಬೈಯುತ್ತಲೇ ಆಚಾರ್ರು ಗಂಟಿಲ್ಲದ ತುಂಡುಗಳನ್ನು ಆರಿಸಿದರು. ಹ್ಯಾಕ್ಸಾ ಬ್ಲೇಡುಗಳನ್ನು ಉಜ್ಜಿ ಉಜ್ಜಿ ಕಿರುಬೆರಳ ಉಗುರಿನಷ್ಟಗಲದ ಉಳಿ ಮಾಡಿಕೊಂಡರು. ಒಂದು ಶುಕ್ರವಾರ ಬಸ್ಸು ಹತ್ತಿ ರಿಯಾದಿನ ಬತ್ಹಾಕ್ಕೆ ಹೋದೆವು, ಬಣ್ಣ ಮತ್ತು ಕುಂಚ ತರಲಿಕ್ಕೆ. ಅಲ್ಲಿನ ಗುಜರಿಯಲ್ಲಿ ಒಂದು ಮುರಿದ ಬಾಗಿಲಿನ ತುಂಡು ಬಿದ್ದಿತ್ತು. ಆಚಾರ್ರು ಉಗುರಿನಿಂದ ಗೀರಿ, ಮೂಸಿ ನೋಡಿ, "ತೇಗ," ಅಂದರು. ಅದನ್ನು ಮೀನುಸಾರಿನ ಹೋಟೆಲಿನಲ್ಲಿಯೂ ತೊಡೆಯ ಮೇಲೆ ಇಟ್ಟುಕೊಂಡೇ ಉಂಡರು.

"ಇದು ಎಂತಕ್ಕೆ ಆಚಾರ್ರೆ?"

"ಹೆಸರುಹಲಗೆಗೆ."

ಹೆಸರುಹಲಗೆಯ ವಿಷಯ ಹೇಳಬೇಕು. ಯೂನ್ ಕೆಲವು ಸಂಜೆ ಕಂಟೇನರಿಗೆ ಬಂದು ಕೂರುತ್ತಿದ್ದರು. ಅವರು ಹೇಳಿದ್ದನ್ನು ನಾನು ತುಳುವಿನಲ್ಲಿ ಆಚಾರ್ರಿಗೆ ಹೇಳುವುದು. ಆ ಕೋಟೆ ಕಟ್ಟಿಸಿದ ಅರಸನ ಕತೆ ಹಾಗೆ ಬಂತು. ಅರಸ ಹುಡುಗನಾಗಿದ್ದಾಗ ಅವನ ಅಪ್ಪನನ್ನು ಅಜ್ಜನೇ ಅಕ್ಕಿಯ ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿಸಿದನಂತೆ. ಎಂಟು ದಿನ. ಅಪ್ಪ ಒಳಗೇ ಸತ್ತ. ಮಗ ಮುಂದೆ ಪಟ್ಟಕ್ಕೆ ಬಂದು, ಅಪ್ಪನ ಗೋರಿಯನ್ನು ಸುವೊನಿನ ಹತ್ತಿರಕ್ಕೆ ತಂದು, ಅಲ್ಲೊಂದು ಊರನ್ನೇ ಕಟ್ಟಿಸಿದ. ಕಟ್ಟಿ ಮುಗಿದ ಮೇಲೆ ಎಲ್ಲವನ್ನೂ ಯೂನ್ ತೋರಿಸಿದ ಆ ಪುಸ್ತಕದಲ್ಲಿ ಬರೆಸಿದ. ಎಷ್ಟು ಕಲ್ಲು, ಎಷ್ಟು ಮರ ಮಾತ್ರ ಅಲ್ಲ, ಯಾವ ಕಲ್ಲುಕುಟಿಗ, ಯಾವ ಬಡಗಿ, ಎಷ್ಟು ದಿನ ಎಂದು ಒಬ್ಬೊಬ್ಬನ ಹೆಸರು. ಅರ್ಧ ದಿನ ಬಂದವನದ್ದು ಅರ್ಧ ದಿನ ಅಂತ. ಬಡವರಿಗೆ ಸರಿಯಾದ ಹೆಸರೇ ಇರುತ್ತಿರಲಿಲ್ಲವಂತೆ, ಕರೆಯುವ ಹೆಸರನ್ನೇ ಬರೆದರು. ದೊಡ್ಡೋನು, ಸಣ್ಣೋನು, ನಾಯಿಮರಿ. ಅರಸನ ಪುಸ್ತಕದಲ್ಲಿ ನಾಯಿಮರಿ!

ಆಚಾರ್ರು ಉಳಿ ಕೆಳಗಿಟ್ಟು ಕೇಳುತ್ತಿದ್ದರು. "ಒಂದು ಕೇಳಿ ಅವರ ಹತ್ತಿರ. ಆ ಪತ್ತಾಯ ಮಾಡಿದ ಆಚಾರಿಯ ಹೆಸರೂ ಬರೆದಿದ್ದಾರಾ?" ಅಂದರು.

ನಾನು ನಗುತ್ತಾ ಹೇಳಿದೆ. ಯೂನ್ ನಗಲಿಲ್ಲ. "ಅದು ಗೊತ್ತಿಲ್ಲ. ಆ ಪೆಟ್ಟಿಗೆ ನನ್ನದು ಅಂತ ಯಾರು ಹೇಳುತ್ತಾರೆ?" ಅಂದರು. ಆಮೇಲೆ ಎದ್ದು ನಿಂತು ಆಚಾರ್ರಿಗೆ ಅವರ ಪದ್ಧತಿಯಂತೆ ಸ್ವಲ್ಪ ಬಾಗಿ, "ಮಿಸ್ಟರ್ ಚಾರಿ, ಈ ಬಾಗಿಲಿಗೂ ಹೆಸರು ಹಾಕುತ್ತೇವೆ. ಯಾರು ಮಾಡಿದರೋ ಅವರದ್ದು. ನನ್ನ ಮಾತು," ಅಂದರು.

ಅವತ್ತಿನಿಂದ ಆಚಾರ್ರಿಗೆ ಅದೊಂದೇ ಧ್ಯಾನ. "ನಮ್ಮ ಬಸದಿಯ ಕಲ್ಲಿನಲ್ಲಿ ಕಟ್ಟಿಸಿದವರ ಹೆಸರುಂಟು. ಕಟ್ಟಿದ ನಮ್ಮವರದ್ದು ಇಲ್ಲ," ಅನ್ನುತ್ತಿದ್ದರು. "ಅಜ್ಜ ಕೆತ್ತಿದರು, ಅಪ್ಪ ಕೆತ್ತಿದರು. ಕೊನೆಗೆ ಒಂದು ಹೆಸರು ಬೀಳುವುದು ಈ ಮರಳುಗಾಡಿನಲ್ಲಿ ಅಂತ ಇತ್ತು ನೋಡಿ." ಊರಿಗೆ ಪತ್ರ ಬರೆದಾಗಲೂ ಅದನ್ನೇ ಬರೆದರಂತೆ, ಕನ್ನಡದಲ್ಲಿ. ಕನ್ನಡ ಚಂದ ಬರೆಯುತ್ತಿದ್ದರು. ಇಂಗ್ಲಿಷ್ ಬರುವುದಿಲ್ಲ ಅಂತ ನಾನು ತಿಳಿದಿದ್ದೆ.

ಐದು ತಿಂಗಳಲ್ಲಿ ಬಾಗಿಲು ಎದ್ದು ನಿಂತಿತು, ಊಟದ ಮೇಜಿನಷ್ಟು. ಒಂದು ಮೊಳೆಯಿಲ್ಲ, ಅಂಟಿಲ್ಲ. ಮೇಲಿನ ಮಾಡನ್ನು ಟೋಪಿಯ ಹಾಗೆ ಎತ್ತಿ ಕೆಳಗಿಡಬಹುದಿತ್ತು. ಆಗ ಅಡ್ಮಿನ್‌ನ ಸುಬ್ಬರಾವ್ ನೋಡಲು ಬಂದರು. ಸುಬ್ಬರಾವ್ ಮೈಸೂರಿನವರು, ಕ್ಯಾಂಪಿನ ಕಾಗದಪತ್ರವೆಲ್ಲ ಅವರ ಕೈಯಲ್ಲಿ. ಯೂನ್ ತಾಯಿಗೆ ಕಾಯಿಲೆ ಅಂತ ಒಂದು ತಿಂಗಳು ಕೊರಿಯಾಕ್ಕೆ ಹೋಗಿದ್ದ ಸಮಯ ಅದು.

"ಏನ್ರೀ ಇದು, ಮಾಡಿನ ಮೇಲೆ ಗೊಂಬೆಗಳು? ಇದು ಸೌದಿ ಕಣ್ರೀ. ತೆಗೀರಿ ಮೊದಲು."

ಗೊಂಬೆಗಳು ಹೋದವು. ಆಮೇಲೆ ಕಮಾನಿನೊಳಗಿನ ಡ್ರ್ಯಾಗನ್ ಹೋಯಿತು. ನನಗೆ ಅದರಲ್ಲಿ ಬೇಸರವೇನೂ ಆಗಲಿಲ್ಲ, ಆ ಊರಿನ ನೇಮ ಹಾಗೆ. ಆಚಾರ್ರು ಮಾತ್ರ ಅಕ್ಕಿಕಾಳಿನಷ್ಟು ಸಣ್ಣ ಮುಖ ಮೂಡಿಸಿದ್ದ ಗೊಂಬೆಗಳನ್ನು ಒಂದು ಬೆಂಕಿಪೆಟ್ಟಿಗೆಯಲ್ಲಿ ಹಾಕಿ ಜೇಬಿಗಿಳಿಸಿದರು. ಕೊನೆಗೆ ಸುಬ್ಬರಾವ್ ನನ್ನನ್ನು ಕ್ಯಾಬಿನ್ನಿಗೆ ಕರೆದು ಬಾಗಿಲು ಹಾಕಿದರು.

"ಹೆಸರಿನ ಹಲಗೆ ಅಂತೆ? ಅದರಲ್ಲಿ ಆಚಾರಿಯ ಹೆಸರು ಬೇಡ. ಅವನು ನಮ್ಮ ರೋಲ್‌ನಲ್ಲಿ ಇಲ್ಲ. ತೋಟದ ವೀಸಾದವನು ನಮ್ಮಲ್ಲಿ ಕೆಲಸ ಮಾಡಿದ ಅಂತ ನಾವೇ ಮರದಲ್ಲಿ ಕೆತ್ತಿ ಮಾಲೀಕರ ಹಾಲ್‌ನಲ್ಲಿ ಇಡೋದಾ? ಯಾರಾದರೂ ಕೇಳಿದರೆ ಅವನಿಗೇ ತೊಂದರೆ. ಎತ್ತಿ ವಿಮಾನಕ್ಕೆ ಹಾಕ್ತಾರೆ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅವರ ಮಾತು ಹಾಗೆಯೇ ಇರುತ್ತಿತ್ತು, ಅರ್ಧ ನಮ್ಮ ಒಳ್ಳೆಯದಕ್ಕೆ, ಅರ್ಧ ಅವರ ಒಳ್ಳೆಯದಕ್ಕೆ. ಇಲ್ಲಿಯವರೆಗಿನ ಪಾಪ ಸುಬ್ಬರಾವ್ ಅವರದ್ದು. ಇಲ್ಲಿಂದ ಮುಂದಿನದ್ದು ನನ್ನದು.

ಟ್ರೇಸಿಂಗ್ ಕಾಗದದಲ್ಲಿ ಇಂಗ್ಲಿಷಿನ ಮೂರು ಸಾಲಿಗೆ ಜಾಗ ಮಾಡಿದ್ದೆ. ಮೊದಲನೆಯದು ಯೂನ್. ಎರಡನೆಯದು, ತಾನು 'ಉಸ್ತುವಾರಿ' ಮಾಡಿದ್ದೇನೆ ಅಂತ ಸುಬ್ಬರಾವ್ ಅವರೇ ಬರೆಸಿಕೊಂಡರು. ಮೂರನೆಯ ಸಾಲು ಖಾಲಿ. ಖಾಲಿ ಬಿಡಬಹುದಿತ್ತು. ಅಲ್ಲೊಂದು ಹೂವೋ ಬಳ್ಳಿಯೋ ಬರೆಯಬಹುದಿತ್ತು. ಆಚಾರ್ರನ್ನು ಕೂರಿಸಿ, ಹೀಗೆ ಹೀಗೆ ಆಯಿತು ಆಚಾರ್ರೆ ಅಂತ ಹೇಳಬಹುದಿತ್ತು. ನಾನು ಆ ಸಾಲಿನಲ್ಲಿ 'ಹಮೀದ್' ಅಂತ ಬರೆದೆ. ಯಾರೂ ಹೇಳಿದ್ದಲ್ಲ. ಅಳತೆ ತೆಗೆದದ್ದು ನಾನಲ್ಲವಾ, ತಪ್ಪೇನು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬರೆದಾದ ಮೇಲೆ ಸ್ವಲ್ಪ ದೂರ ಹಿಡಿದು ನೋಡಿ ಚಂದ ಕಾಣುತ್ತದೆ ಅಂತ ಖುಷಿಯೂ ಪಟ್ಟೆ. ಥೂ ನನ್ನ ಜನ್ಮಕ್ಕೆ.

ಹಲಗೆ ಕೆತ್ತುವುದು ಯಾರು? ಆಚಾರ್ರೇ. ಟ್ರೇಸಿಂಗನ್ನು ತೇಗದ ಮೇಲೆ ಅಂಟಿಸಿ, ಉಳಿ ಹಿಡಿದು ಕೂತರು. ನನ್ನ ಕಡೆ ತಿರುಗಿ, ಮದುಮಗನ ಹಾಗೆ ನಾಚಿಕೊಂಡು ಕೇಳಿದರು:

"ನನ್ನದು ಯಾವುದು?"

ನಾನು ಮೂರನೆಯ ಸಾಲಿನ ಮೇಲೆ ಬೆರಳಿಟ್ಟೆ. "ಇದು."

"ಇಷ್ಟು ಸಣ್ಣದಾ? ವಾಸುದೇವ ಆಚಾರ್ಯ ಅಂದರೆ ಉದ್ದ ಬೇಡವಾ?"

"ಇಂಗ್ಲಿಷಿನಲ್ಲಿ ಹಾಗೆ ಆಚಾರ್ರೆ. ಒತ್ತು, ದೀರ್ಘ ಎಲ್ಲ ಇರುವುದಿಲ್ಲ. ಸಣ್ಣದಾಗುತ್ತದೆ."

ಆಚಾರ್ರು ಕಾಗದವನ್ನು ನೋಡಿದರು, ನನ್ನನ್ನು ನೋಡಿದರು. "ಹೌದಾ," ಅಂದರು. ಆಮೇಲೆ ಆ ಮೂರನೆಯ ಸಾಲನ್ನು ಕೆತ್ತಿದರು. ಮೊದಲಿನ ಎರಡು ಸಾಲಿಗಿಂತ ಚಂದವಾಗಿ ಕೆತ್ತಿದರು, ಅಂಚು ಒಂದಿಷ್ಟೂ ಸೀಳಲಿಲ್ಲ. ನಾನು ಪಕ್ಕದಲ್ಲೇ ನಿಂತು ಮರದ ಪುಡಿ ಊದುತ್ತಿದ್ದೆ.

ಕಾಣಿಕೆ ಕೊಡುವ ದಿನ ಸಪ್ಲೈನವರು ಯಾರೂ ಆಫೀಸಿನ ಕಡೆ ಸುಳಿಯಬಾರದು ಅಂತ ಅಪ್ಪಣೆಯಾಯಿತು. ಆಚಾರ್ರು ಆ ದಿನ ದೂರದ ನೀರಿನ ಟ್ಯಾಂಕಿಗೆ ಪ್ಲೈವುಡ್ ಬಡಿಯುತ್ತಿದ್ದರು. ಮಾಲೀಕರ ಕಡೆಯವರು ಬಂದರು, ಫೋಟೋ ಹೊಡೆದರು, ಮಾಶಾ ಅಲ್ಲಾಹ್ ಅಂದರು. ಬಾಗಿಲಿನ ಚರಿತ್ರೆಯನ್ನು ಸುಬ್ಬರಾವ್ ಕಟ್ಟಿದವರೇ ತಾವು ಎಂಬ ಹಾಗೆ ವಿವರಿಸಿದರು. ಆ ಬೆಳಿಗ್ಗೆಯಷ್ಟೇ ವಿಮಾನ ಇಳಿದು ಬಂದಿದ್ದ ಯೂನ್ ಹಲಗೆಯ ಮುಂದೆ ಬಂದು ನಿಂತರು. ಮೂರು ಸಾಲು ಓದಲು ಎಷ್ಟು ಹೊತ್ತು ಬೇಕು? ಅವರು ಬಹಳ ಹೊತ್ತು ಓದಿದರು.

"ಚಾರಿಯ ಹೆಸರು?" ಅಂತ ಮೆಲ್ಲಗೆ ಕೇಳಿದರು.

"ಕಂಪೆನಿ ರೂಲ್ ಸಾರ್."

"ಈ ಮೂರನೆಯದ್ದು ಕಂಪೆನಿ ಬರೆಯಲು ಹೇಳಿತಾ?"

ನಾನು ಹಲಗೆಯ ಮೇಲಿನ ಇಲ್ಲದ ಧೂಳು ಒರೆಸಿದೆ. ಮಾಲೀಕರ ಎದುರು ಅವರು ದನಿ ಏರಿಸಲಿಲ್ಲ, ಎಷ್ಟಾದರೂ ಸಂಬಳದ ಮನುಷ್ಯ. "ಅರ್ಧ ದಿನದವನದ್ದೂ ಬರೆದಿದ್ದರು," ಅಂದರು, ಅಷ್ಟೆ. ಅವತ್ತಿನಿಂದ ನನಗೆ ಬಾರ್ಲಿ ಚಹಾ ಬಂದ್. ಡ್ರಾಯಿಂಗು ಬೇಕಾದರೆ ಬೇರೆಯವರ ಕೈಯಲ್ಲಿ ಹೇಳಿ ಕಳಿಸುತ್ತಿದ್ದರು.

ಗಾಜಿನ ಪೆಟ್ಟಿಗೆಗೆ ಹಾಕುವ ಮೊದಲು ನಾನೊಂದು ಕೆಲಸ ಮಾಡಿದೆ. ಮೇಲಿನ ಮಾಡನ್ನು ಎತ್ತಿ, ಟಾರ್ಚು ಬಿಟ್ಟು, ಒಳಗೆ ಎಲ್ಲಾದರೂ ಆಚಾರ್ರು ಗುಟ್ಟಾಗಿ ಹೆಸರು ಕೆತ್ತಿದ್ದಾರಾ ಅಂತ ಹುಡುಕಿದೆ. ಕಂಬದ ಹಿಂದೆ, ತೊಲೆಯ ಅಡಿಯಲ್ಲಿ, ಬೋದಿಗೆಯ ಸಂದಿನಲ್ಲಿ. ಕತೆಗಳಲ್ಲಿ ಹಾಗೆ ಇರುತ್ತದಲ್ಲ, ಕೊನೆಗೆ ಎಲ್ಲಾದರೂ ಒಂದು ಹೆಸರು ಸಿಗುತ್ತದೆ, ಪಾಪ ಮಾಡಿದವನ ಎದೆ ಹಗುರಾಗುತ್ತದೆ. ಅದು ಸಿಕ್ಕಿದ್ದರೆ ನಾನು ಎಷ್ಟು ಸುಖವಾಗಿ ನಿದ್ದೆ ಮಾಡುತ್ತಿದ್ದೆ! ಏನೂ ಇರಲಿಲ್ಲ. ಅವರಿಗೆ ಬೇಕಾದದ್ದು ಕದ್ದು ಕೆತ್ತಿದ ಹೆಸರಲ್ಲ, ನಾಲ್ಕು ಜನ ಓದುವ ಹೆಸರು.

ಆಮೇಲೆ ಎಂಟು ತಿಂಗಳು ನಾವಿಬ್ಬರೂ ಒಂದೇ ಕ್ಯಾಂಪಿನಲ್ಲಿದ್ದೆವು. ಆಚಾರ್ರ ನಡತೆಯಲ್ಲಿ ಒಂದು ಚೂರೂ ವ್ಯತ್ಯಾಸ ಇಲ್ಲ. ಊಟವಾಯಿತಾ ಅಂತ ಕೇಳುವುದು, ಊರಿಂದ ಬಂದ ಉಪ್ಪಿನಕಾಯಿ ಕೊಡುವುದು. ನನಗೆ ಸಮಾಧಾನವಾಯಿತು. ಅವರಿಗೆ ಗೊತ್ತಾಗಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ, ಊರಿಗೆ ಹೋಗಿ ತನ್ನ ಹೆಸರು ಸೌದಿಯಲ್ಲಿ ಉಂಟು ಅಂತ ಹೇಳಿಕೊಂಡು ಸುಖವಾಗಿರುತ್ತಾರೆ. ಒಂದು ಲೆಕ್ಕದಲ್ಲಿ ಉಪಕಾರವನ್ನೇ ಮಾಡಿದೆ ಅಂತ ಕೂಡ ಅಂದುಕೊಂಡೆ. ಮನುಷ್ಯನಿಗೆ ನಾಚಿಕೆ ಬಿಟ್ಟರೆ ಎಲ್ಲಿಯವರೆಗೂ ಹೋಗಬಹುದು.

ಕೆಲಸ ಮುಗಿಯಿತು, ಕಫೀಲ ಆಚಾರ್ರನ್ನು ಫೈನಲ್ ಎಕ್ಸಿಟ್ ಹೊಡೆದು, ಅಂದರೆ ವೀಸಾವನ್ನೇ ಮುಗಿಸಿ, ಊರಿಗೆ ಕಳಿಸಿದ. ನಾನು ರಿಯಾದಿನ ವಿಮಾನ ನಿಲ್ದಾಣಕ್ಕೆ ಜೊತೆಗೆ ಹೋದೆ. ಹೊರಡುವವರ ಜೊತೆಗೆ ಓದಿದವನೊಬ್ಬ ಹೋಗುವುದು ಅಲ್ಲಿಯ ವಾಡಿಕೆ. ಬೊಂಬಾಯಿಯಲ್ಲಿ ಇಳಿಯುವಾಗ ಕೊಡುವ ಕಾರ್ಡನ್ನು ಅಲ್ಲೇ ತುಂಬಿಸಿ ಕೊಡಬೇಕು, ಇಲ್ಲದಿದ್ದರೆ ಪಾಪ ವಿಮಾನದಲ್ಲಿ ಒದ್ದಾಡುತ್ತಾರೆ. ಜೇಬಿನಲ್ಲಿ ಪೆನ್ನು ಕಂಡರೆ ಸಾಕು, ಆಂಧ್ರದವರು, ಬಿಹಾರದವರು, ಬಾಂಗ್ಲಾದವರು ಪಾಸ್‌ಪೋರ್ಟು ಹಿಡಿದು ಸುತ್ತ ಮುತ್ತಿಕೊಳ್ಳುತ್ತಾರೆ, "ಭಾಯ್, ಮೇರಾ ಭೀ." ಆ ಮಧ್ಯಾಹ್ನ ಹತ್ತು ಹನ್ನೆರಡು ಜನಕ್ಕೆ ಬರೆದುಕೊಟ್ಟೆ. ಎಲ್ಲರೂ ಅಕ್ಷರ ನೋಡಿ ಭೇಷ್ ಅಂದರು. ಆಚಾರ್ರು ಹಗ್ಗ ಬಿಗಿದ ಪೆಟ್ಟಿಗೆಯ ಪಕ್ಕ ತಮ್ಮ ಸರದಿಗೆ ಕಾಯುವ ಹಾಗೆ ನಿಂತಿದ್ದರು.

"ಕೊಡಿ ಆಚಾರ್ರೆ, ನಿಮ್ಮದು," ಅಂತ ಪಾಸ್‌ಪೋರ್ಟಿಗೆ ಕೈ ಚಾಚಿದೆ.

"ಪೆನ್ನು ಕೊಡಿ," ಅಂದರು. "ಹೆಸರು ನಾನೇ ಬರೆಯುತ್ತೇನೆ."

ನಾನು ನಕ್ಕೆ. "ಇಂಗ್ಲಿಷಿನಲ್ಲಿ ಬರೆಯಬೇಕು ಮಾರಾಯ್ರೆ."

"ಗೊತ್ತುಂಟು."

ಕಾರ್ಡನ್ನು ಪೆಟ್ಟಿಗೆಯ ಮೇಲೆ ಇಟ್ಟು, ಬಗ್ಗಿ, ಮನೆಯೊಂದಕ್ಕೆ ಅಕ್ಷರವೊಂದರಂತೆ ಬರೆಯತೊಡಗಿದರು. ಪಾಸ್‌ಪೋರ್ಟು ತೆರೆಯಲೇ ಇಲ್ಲ. ಅವಸರವೂ ಇಲ್ಲ, ತಡವರಿಕೆಯೂ ಇಲ್ಲ. ವಾಸುದೇವ ಆಚಾರ್ಯ. ಉದ್ದಕ್ಕೆ ಹೋಯಿತು, ಮನೆಗಳು ಮುಗಿಯುವವರೆಗೂ ಹೋಯಿತು. ಪ್ರತಿ ಅಕ್ಷರದ ಬುಡಕ್ಕೆ ಒಂದು ಸಣ್ಣ ಗೀಟು. ನನ್ನ ಗೀಟು.

"ಇಂಗ್ಲಿಷ್... ಯಾವಾಗ ಕಲಿತಿರಿ?"

"ಕಲಿಯುವುದೆಂತ? ಏಳೆಂಟು ವರ್ಷ ಗೇಟ್ ಪಾಸು ಕುತ್ತಿಗೆಯಲ್ಲಿ ನೇತಾಡುತ್ತಿತ್ತಲ್ಲ, ಅದರಲ್ಲಿ ನನ್ನ ಹೆಸರು ಇರಲಿಲ್ಲವಾ? ಓದಲಿಕ್ಕೆ ಬರುವುದಿಲ್ಲ, ನಿಜ. ಆದರೆ ನಾನು ಆಚಾರಿ. ಒಮ್ಮೆ ನೋಡಿದ ರೂಪ ಮರೆಯುತ್ತದಾ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಹಾಗಾದರೆ ಅವತ್ತು, ಹಲಗೆ..."

"ಕೆತ್ತಲಿಕ್ಕೆ ಕೊಟ್ಟಿರಿ, ಕೆತ್ತಿದೆ."

ಸುಬ್ಬರಾವ್ ಅಂತ ಶುರು ಮಾಡಿದೆ, ಕಫೀಲ ಅಂದೆ, ನಿಮಗೇ ತೊಂದರೆಯಾಗುತ್ತಿತ್ತು ಅಂದೆ. ಅವರು ನನ್ನ ಮಾತು ಮುಗಿಯುವವರೆಗೂ ಕಾದರು. ಆಮೇಲೆ ಪೆನ್ನು ನನ್ನ ಕೈಗಿಟ್ಟು, ಪಾಸ್‌ಪೋರ್ಟು ಬಿಡಿಸಿ ವೀಸಾದ ಪುಟ ತೋರಿಸಿದರು.

"ಉದ್ಯೋಗ ಎಂತ ಅಂತ ಕೇಳುವ ಜಾಗ ಒಂದು ಉಂಟಲ್ಲ ಇದರಲ್ಲಿ, ಅದು ನೀವು ಬರೆಯಿರಿ. ಕಾಗದದಲ್ಲಿ ಇದ್ದ ಹಾಗೇ."

ಬಡಗಿ ಅಂತ ಬರೆಯಬಹುದಿತ್ತು. ಬೊಂಬಾಯಿಯಲ್ಲಿ ಅದನ್ನು ಯಾರು ಓದುತ್ತಾರೆ, ಯಾರು ಕೇಳುತ್ತಾರೆ? ಅಷ್ಟು ಹೊತ್ತಿನಲ್ಲಿ ಅದು ನನಗೆ ಹೊಳೆಯಲೇ ಇಲ್ಲ. ಕೈ ರೂಢಿಯಂತೆ ಓಡಿತು. ಅವರ ಹೆಸರಿನ ಕೆಳಗೆ, ನನ್ನ ಚಂದದ ಅಕ್ಷರದಲ್ಲಿ ಬರೆದೆ.

"ಎಂತ ಬರೆದಿರಿ? ಓದಿ," ಅಂದರು.

"ತೋಟದ ಕೆಲಸ," ಅಂದೆ.

"ಸರಿ," ಅಂತ ಕಾರ್ಡು ತೆಗೆದುಕೊಂಡು, ಪೆಟ್ಟಿಗೆ ಎತ್ತಿ ಸಾಲಿನಲ್ಲಿ ನಿಂತರು. ಊರಲ್ಲಿ ಹೊರಡುವವರು ಬರುತ್ತೇನೆ ಅನ್ನುತ್ತಾರೆ. ಅವರು ಅನ್ನಲಿಲ್ಲ.